ಮೊದಲ ಹತ್ತು ಮನೆ

ಮಲಾವಿ ದೇಶದ ದಕ್ಷಿಣದಲ್ಲಿ ಶಿರೇ ಅಂತ ಒಂದು ನದಿ ಇದೆ. ಮಲಾವಿ ಸರೋವರದಿಂದ ಹೊರಟು ಮೊಜಾಂಬಿಕ್‌ಗೆ ಇಳಿದು ಜಾಂಬೆಜಿ ನದಿಯನ್ನು ಸೇರುತ್ತದೆ. ಅದರ ಕೆಳಕಣಿವೆಯ ಚಿಕ್ವಾವಾ ಮತ್ತು ನ್‌ಸಾಂಜೆ ಜಿಲ್ಲೆಗಳು ತಗ್ಗು ಜಾಗ. 2015, 2019, 2022, 2023, ಇಷ್ಟೂ ವರ್ಷ ಅಲ್ಲಿ ನೆರೆ ಬಂದಿದೆ. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತದ ಮಳೆಗೆ ದಕ್ಷಿಣ ಮಲಾವಿಯಲ್ಲಿ ಸತ್ತವರು, ಕಾಣೆಯಾದವರು ಸೇರಿ ಸಾವಿರಕ್ಕೂ ಜಾಸ್ತಿ. ಮೈಸೂರಿನ ಕಾಲೇಜುಗಳ ಕಂಪ್ಯೂಟರ್ ಲ್ಯಾಬ್‌ನಲ್ಲಿ ಕೂತು, ಇಂಥ ಊರುಗಳ ನಕ್ಷೆಯನ್ನು ವಿದ್ಯಾರ್ಥಿಗಳ ಕೈಯಲ್ಲಿ ಬರೆಸುವುದು ನನ್ನ ಶನಿವಾರಗಳ ಕೆಲಸ.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವುದು ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ಬಳಸಬಹುದಾದ ಪ್ರಪಂಚದ ನಕ್ಷೆ. 2004ರಲ್ಲಿ ಶುರುವಾಯಿತು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ರಾಜಧಾನಿ ಪೋರ್ಟ್ ಓ ಪ್ರಿನ್ಸ್‌ಗೆ ಸರಿಯಾದ ನಕ್ಷೆಯೇ ಇರಲಿಲ್ಲ. ಎಲ್ಲೆಲ್ಲೋ ಕೂತ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಕೆಲವೇ ದಿನಗಳಲ್ಲಿ ಅದನ್ನು ಬರೆದರು. ಆ ಕೆಲಸದಿಂದಲೇ ಹಾಟ್ (ಹ್ಯುಮಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್) ಎಂಬ ಸಂಸ್ಥೆ ಹುಟ್ಟಿತು. ಮುಂದೆ 2014ರಲ್ಲಿ ರೆಡ್‌ಕ್ರಾಸ್ ಮತ್ತು ಗಡಿರಹಿತ ವೈದ್ಯರ ಸಂಸ್ಥೆ ಜೊತೆ ಸೇರಿ 'ಮಿಸ್ಸಿಂಗ್ ಮ್ಯಾಪ್ಸ್' ಶುರುವಾಯಿತು. ಅನಾಹುತ ಆಗುವ ಮೊದಲೇ ನಕ್ಷೆ ಸಿದ್ಧವಿರಲಿ ಅನ್ನುವುದು ಅದರ ಉದ್ದೇಶ. ಕೆಲಸ ಹಂಚಲು ಟಾಸ್ಕಿಂಗ್ ಮ್ಯಾನೇಜರ್ ಎಂಬ ಜಾಲತಾಣ ಇದೆ. ದೊಡ್ಡ ಪ್ರದೇಶವನ್ನು ಚೌಕಗಳಾಗಿ ಸೀಳಿ, ಒಬ್ಬೊಬ್ಬರಿಗೆ ಒಂದೊಂದು ಚೌಕ ಕೊಡುತ್ತದೆ. ಒಬ್ಬರು ಬರೆದದ್ದನ್ನು ಅನುಭವ ಇರುವ ಇನ್ನೊಬ್ಬರು ಪರಿಶೀಲಿಸುತ್ತಾರೆ. ಅವರನ್ನು ವ್ಯಾಲಿಡೇಟರ್ ಅನ್ನುತ್ತೇವೆ. ನಾನು ಎರಡೂ ಕೆಲಸ ಮಾಡುತ್ತೇನೆ.

ಹೊಸಬರು ಬಂದರೆ ನಕ್ಷೆ ಕೆಡುತ್ತದೆ ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ಅವರು ಬರೆಯುವ ಮೊದಲ ಹತ್ತು ಮನೆಯನ್ನು ಯಾರಾದರೂ ಪಕ್ಕದಲ್ಲಿ ನಿಂತು ನೋಡಿದರೆ, ಹನ್ನೊಂದನೆಯದು ಸರಿಯಾಗೇ ಬರುತ್ತದೆ. ಯಾರೂ ನೋಡದಿದ್ದರೆ ಅದೇ ತಪ್ಪು ನೂರು ಮನೆಗೆ ಹೋಗುತ್ತದೆ. ನನ್ನ ಕ್ರಮವೆಲ್ಲ ಈ ಒಂದು ವಿಷಯದ ಸುತ್ತ ಕಟ್ಟಿಕೊಂಡದ್ದು.

ಹೀಗೆ ಎಲ್ಲರೂ ಒಟ್ಟಿಗೆ ಕೂತು ನಕ್ಷೆ ಬರೆಯುವ ಕಾರ್ಯಕ್ರಮಕ್ಕೆ ಮ್ಯಾಪಥಾನ್ ಅನ್ನುತ್ತೇವೆ. ಅದು ಶುರುವಾದ ಮೊದಲ ಅರ್ಧ ಗಂಟೆ ನಾನು ಯಾರಿಗೂ ಏನೂ ಬರೆಯಲು ಬಿಡುವುದಿಲ್ಲ. ಮೌಸ್ ಮುಟ್ಟಬೇಡಿ, ಸುಮ್ನೆ ನೋಡಿ ಅನ್ನುತ್ತೇನೆ. ಪ್ರೊಜೆಕ್ಟರ್‌ನಲ್ಲಿ ಆ ಊರಿನ ಉಪಗ್ರಹ ಚಿತ್ರ ಹಾಕಿ ಎಲ್ಲರೂ ಒಟ್ಟಿಗೆ ಓದುತ್ತೇವೆ. ಮಕ್ಕಳಿಗೆ ಮೊದಮೊದಲು ಬೇಜಾರು, ಬರೆಯುವ ಆತುರದಲ್ಲಿ ಇರುತ್ತಾರೆ. ಆದರೆ ಇಡೀ ದಿನದಲ್ಲಿ ಅತಿ ಹೆಚ್ಚು ಫಲ ಕೊಡುವ ಹೊತ್ತು ಇದೇ ಅಂತ ನನ್ನ ಗಟ್ಟಿ ನಂಬಿಕೆ.

ತಗಡಿನ ಮನೆ ಯಾರಿಗಾದರೂ ಕಾಣುತ್ತದೆ. ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತದೆ. ಕಷ್ಟ ಇರುವುದು ಹುಲ್ಲಿನ ಮಾಡಿನ ಮನೆಗಳಲ್ಲಿ. ಹುಲ್ಲು ಹಳತಾದ ಮೇಲೆ ಸುತ್ತಲಿನ ಮಣ್ಣಿನ ಬಣ್ಣಕ್ಕೇ ತಿರುಗುತ್ತದೆ. ಬಡವರ ಮನೆ ಅದು. ನೆರೆ ಬಂದರೆ ಮೊದಲು ಬೀಳುವುದೂ ಅದೇ. ಹೊಸಬರು ಹೊಳೆಯುವ ಮನೆಗಳನ್ನೆಲ್ಲ ಬರೆದು ಚೌಕ ಮುಗಿಯಿತು ಅಂದರೆ, ಸಹಾಯ ಅತಿ ಹೆಚ್ಚು ಬೇಕಾದವರೇ ನಕ್ಷೆಯಿಂದ ಬಿಟ್ಟುಹೋಗಿರುತ್ತಾರೆ. ಹಾಗಾಗಿ ಹುಲ್ಲಿನ ಮನೆ ಹುಡುಕುವುದನ್ನೇ ನಾನು ಮೊದಲು ಕಲಿಸುತ್ತೇನೆ.

ಅದಕ್ಕೆ ನೆರಳು ಬೇಕು. ಚಿತ್ರದಲ್ಲಿ ಒಂದು ದೊಡ್ಡ ಮರ ಹುಡುಕಿ, ಅದರ ನೆರಳು ಯಾವ ಕಡೆಗೆ ಬಿದ್ದಿದೆ ನೋಡಿ ಅನ್ನುತ್ತೇನೆ. ಈ ಚಿತ್ರಗಳಲ್ಲಿ ಬಹುಪಾಲು ಬೆಳಗಿನ ಹೊತ್ತು ತೆಗೆದವು, ಹಾಗಾಗಿ ನೆರಳು ಸಾಮಾನ್ಯವಾಗಿ ಪಶ್ಚಿಮದ ಕಡೆ ವಾಲಿರುತ್ತದೆ. ಚಿತ್ರದಲ್ಲಿರುವ ಎಲ್ಲ ವಸ್ತುವಿನ ನೆರಳೂ ಅದೇ ಕಡೆಗೆ ಬೀಳಬೇಕು, ಅಲ್ವಾ? ಕಂದು ಬಣ್ಣದ ಒಂದು ಚೌಕಾಕಾರದ ಮಚ್ಚೆ ಕಂಡಿತು ಅಂದುಕೊಳ್ಳಿ. ಮರದ ನೆರಳು ಬಿದ್ದ ಕಡೆಗೇ ಅದಕ್ಕೂ ಒಂದು ಕಪ್ಪು ಅಂಚು ಇದ್ದರೆ ಅದು ನೆಲದಿಂದ ಮೇಲೆದ್ದ ವಸ್ತು. ಅಂಚೇ ಇಲ್ಲದಿದ್ದರೆ ಬಹುಶಃ ಗುಡಿಸಿದ ಅಂಗಳ, ಇಲ್ಲವೇ ಬಿದ್ದುಹೋದ ಮನೆಯ ಜಾಗ.

"ಮೇಡಂ, ಇದು ಮನೆನಾ, ಹುತ್ತನಾ?" ಅಂತ ಒಬ್ಬಳು ಹುಡುಗಿ ಕೇಳಿದ್ದಳು. ಕೇಳಬೇಕಾದ ಪ್ರಶ್ನೆಯೇ ಅದು. ಆ ಕಡೆಯ ಹುತ್ತಗಳಲ್ಲಿ ಕೆಲವು ಮನೆಯಷ್ಟೇ ಅಗಲ ಇರುತ್ತವೆ. ಮೇಲಿಂದ ನೋಡಿದರೆ ತಿಳಿಬಣ್ಣದ ದುಂಡು. ಅವು ಹೊಲದ ನಡುವೆ ಒಂಟಿಯಾಗಿ ಇರುತ್ತವೆ, ಕೆಲವದರ ಮೇಲೆ ಪೊದೆ ಬೆಳೆದಿರುತ್ತದೆ. "ನೋಡಮ್ಮಾ, ಅಲ್ಲಿಗೆ ಕಾಲುದಾರಿ ಬಂದಿದೆಯಾ?" ಅಂತ ನಾನು ತಿರುಗಿ ಕೇಳಿದೆ. ಬಂದಿರಲಿಲ್ಲ. ಜನ ಇರುವ ಮನೆಗೆ ದಾರಿ ಸವೆದೇ ಇರುತ್ತದೆ. ಅಂಗಳ ಬೋಳಾಗಿರುತ್ತದೆ.

ಇನ್ನೊಂದು ನ್ಖೊಕ್ವೆ. ಮಲಾವಿಯ ಹಳ್ಳಿಮನೆಗಳ ಪಕ್ಕದಲ್ಲಿ ಮೆಕ್ಕೆಜೋಳ ತುಂಬಿಡಲು ಹೆಣೆದು ಮಾಡಿದ ದುಂಡನೆಯ ಕಣಜ. ನಮ್ಮ ಕಡೆ ಹಿಂದೆ ಇದ್ದ ಬಿದಿರಿನ ಕಣಜಗಳನ್ನು ಕಂಡವರಿಗೆ ತಕ್ಷಣ ಗುರುತು ಸಿಗುತ್ತದೆ. ಮೇಲಿಂದ ಅದು ಚಿಕ್ಕ ದುಂಡು ಗುಡಿಸಲಿನ ಹಾಗೇ ಕಾಣುತ್ತದೆ. ಅದನ್ನು ಮನೆ ಅಂತ ಬರೆದರೆ ಒಂದು ಕುಟುಂಬ ಎರಡಾಗುತ್ತದೆ. ಪರದೆಯ ಕೆಳಗಿನ ಅಳತೆಪಟ್ಟಿ ನೋಡಿ ಅನ್ನುತ್ತೇನೆ. ಅಡ್ಡಕ್ಕೆ ಎರಡು ಮೀಟರ್ ಇರುವ ದುಂಡಿನಲ್ಲಿ ಯಾರು ಮಲಗುತ್ತಾರೆ? ಕಣಜ, ಕಕ್ಕಸು ಬರೆಯಬೇಕೋ ಬೇಡವೋ ಅನ್ನುವುದನ್ನು ಟಾಸ್ಕಿಂಗ್ ಮ್ಯಾನೇಜರ್‌ನಲ್ಲಿರುವ ಆಯಾ ಯೋಜನೆಯ ಸೂಚನೆ ನೋಡಿ ನಿರ್ಧರಿಸಬೇಕು. ಸೂಚನೆಯನ್ನು ಜೋರಾಗಿ ಓದಿಸುತ್ತೇನೆ, ಒಬ್ಬರ ಕೈಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಸುಮ್ನೆ 'ಓದಿಕೊಳ್ಳಿ' ಅಂದರೆ ಯಾರೂ ಓದುವುದಿಲ್ಲ.

ಇಷ್ಟೆಲ್ಲ ಅಚ್ಚುಕಟ್ಟು ಯಾಕೆ ಬೇಕು ಅನ್ನುವುದನ್ನೂ ಆಗಲೇ ಹೇಳಿಬಿಡುತ್ತೇನೆ. ಲಸಿಕೆ ಹಾಕಲು ಹೋಗುವ ತಂಡ, ಸೊಳ್ಳೆಪರದೆ ಹಂಚುವ ತಂಡ, ನೆರೆಯಲ್ಲಿ ಊಟ ತಲುಪಿಸುವವರು, ಇವರೆಲ್ಲ ನಕ್ಷೆಯಲ್ಲಿರುವ ಮನೆ ಎಣಿಸಿ, ಒಂದು ಮನೆಗೆ ಸರಾಸರಿ ಇಷ್ಟು ಜನ ಅಂತ ಲೆಕ್ಕ ಹಾಕುತ್ತಾರೆ. ಜನಗಣತಿ ಹಳತಾಗಿರುವ ಕಡೆ ಇದೇ ಲೆಕ್ಕ ಆಧಾರ. ಒತ್ತೊತ್ತಾಗಿರುವ ಮೂರು ಮನೆಯನ್ನು ಒಂದೇ ಗೆರೆಯೊಳಗೆ ಹಾಕಿದರೆ ಎರಡು ಮನೆಯ ಮಕ್ಕಳ ಲಸಿಕೆ ಆ ಲೆಕ್ಕದಿಂದ ಹೊರಗೆ. ಇದನ್ನು ಕೇಳಿದ ಮೇಲೆ ಯಾವ ವಿದ್ಯಾರ್ಥಿಯೂ ಅವಸರ ಮಾಡಿದ್ದನ್ನು ನಾನು ಕಂಡಿಲ್ಲ.

ಬರೆಯಲು ಶುರು ಮಾಡಿದಾಗ ಒಂದು ನಿಯಮ. ಮೊದಲ ದಿನ ಮನೆ ಮಾತ್ರ. ರಸ್ತೆ ಇಲ್ಲ, ಹೊಳೆ ಇಲ್ಲ, ಹೊಲ ಇಲ್ಲ. ಬರೀ ಕಟ್ಟಡ ಬರೆಸುವ ಯೋಜನೆಯನ್ನೇ ಹುಡುಕಿ ಆರಿಸಿಕೊಂಡಿರುತ್ತೇನೆ, ಹಿಂದಿನ ದಿನವೇ ಅದರಲ್ಲಿ ಒಂದೆರಡು ಚೌಕ ನಾನೇ ಬರೆದು ನೋಡಿರುತ್ತೇನೆ. ಖಾತೆ ತೆರೆಯುವುದು, ಇಮೇಲ್ ಖಚಿತಪಡಿಸುವುದು, ಇವನ್ನೆಲ್ಲ ಮನೆಯಿಂದಲೇ ಮುಗಿಸಿ ಬರಲು ಹೇಳಿರುತ್ತೇನೆ.

ಬ್ರೌಸರ್‌ನಲ್ಲೇ ತೆರೆದುಕೊಳ್ಳುವ ಐಡಿ ಎಡಿಟರ್ ಹೊಸಬರಿಗೆ ಸಾಕು. ಚೆನ್ನಾಗಿ ಜೂಮ್ ಮಾಡಿ, ಮನೆಯ ನಾಲ್ಕು ಮೂಲೆ ಕ್ಲಿಕ್ ಮಾಡಿ, 'ಬಿಲ್ಡಿಂಗ್' ಅಂತ ಗುರುತು ಹಾಕಿ, ಕ್ಯೂ ಕೀ ಒತ್ತಿ. ಮೂಲೆಗಳು ಲಂಬಕ್ಕೆ ಬರುತ್ತವೆ. ದುಂಡು ಗುಡಿಸಲಾದರೆ ಓ ಕೀ. ಮನೆ ಬರೆದ ಕೂಡಲೇ ಕ್ಯೂ ಒತ್ತುವುದು ಬೆರಳಿಗೆ ಅಭ್ಯಾಸ ಆಗಬೇಕು. ಕಾಪಿ ಪೇಸ್ಟ್ ಮಾತ್ರ ಬೇಡ ಅಂತ ಖಂಡಿತವಾಗಿ ಹೇಳುತ್ತೇನೆ. ಒಂದು ಮನೆ ಬರೆದು ಅದನ್ನೇ ಐವತ್ತು ಕಡೆ ಅಂಟಿಸಿದ ಚೌಕ ದೂರದಿಂದಲೇ ಗೊತ್ತಾಗುತ್ತದೆ. ಎಲ್ಲ ಮನೆಯೂ ಒಂದೇ ಅಳತೆ, ಒಂದೇ ದಿಕ್ಕು. ಅಂಥ ಊರು ಎಲ್ಲೂ ಇಲ್ಲ.

ಹೊಸಬರನ್ನು ಕಂಗೆಡಿಸುವ ಇನ್ನೊಂದು ವಿಷಯ ಚಿತ್ರ ಸರಿದಿರುವುದು. ಉಪಗ್ರಹ ಚಿತ್ರಗಳು ಬಿಂಗ್, ಎಸ್ರಿ ಹೀಗೆ ಬೇರೆ ಬೇರೆ ಮೂಲದಿಂದ ಬರುತ್ತವೆ, ಒಂದರಿಂದ ಇನ್ನೊಂದಕ್ಕೆ ಅದೇ ಮನೆ ಕೆಲವು ಮೀಟರ್ ಆಚೀಚೆ ಇರಬಹುದು. ಚೌಕ ತೆರೆದಾಗ, ಮೊದಲೇ ಯಾರೋ ಬರೆದ ಮನೆಗಳೆಲ್ಲ ಚಾವಣಿಯಿಂದ ಪಕ್ಕಕ್ಕೆ ಜಾರಿದಂತೆ ಕಾಣುತ್ತವೆ. ಒಳ್ಳೆಯ ಮನಸ್ಸಿನ ಹುಡುಗರು ಕೂತು ಒಂದೊಂದನ್ನೇ ಎಳೆದು 'ಸರಿ' ಮಾಡಲು ಹೊರಡುತ್ತಾರೆ. ಎಲ್ಲ ಮನೆಯೂ ಒಂದೇ ಕಡೆಗೆ, ಒಂದೇ ಅಳತೆಯಷ್ಟು ಸರಿದಿದ್ದರೆ ಸರಿದಿರುವುದು ಚಿತ್ರ. ಹಿನ್ನೆಲೆಯ ಸೆಟ್ಟಿಂಗ್‌ನಲ್ಲಿ ಚಿತ್ರವನ್ನೇ ಎಳೆದು ಮನೆಗಳಿಗೆ ಕೂರಿಸಬೇಕು, ಆಮೇಲೆ ಹೊಸ ಮನೆ ಬರೆಯಬೇಕು.

ಹತ್ತು ಮನೆ ಆದ ತಕ್ಷಣ ಕೈ ಎತ್ತಿ ಅಂದಿರುತ್ತೇನೆ. ಅವರ ಜಾಗಕ್ಕೆ ಹೋಗಿ, ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಮೌಸ್ ಅವರ ಕೈಯಲ್ಲೇ ಇರಬೇಕು. ನಾನು ಕೈ ಹಾಕುವುದಿಲ್ಲ. "ಈ ಮನೆಯ ಗೆರೆ ಎಲ್ಲಿ ಹೋಗಿದೆ ನೋಡಪ್ಪಾ, ನೆರಳನ್ನೂ ಸೇರಿಸಿಕೊಂಡಿದೆಯಲ್ಲ?" ಅಂದರೆ ಸಾಕು, ಉಳಿದ ಒಂಬತ್ತನ್ನು ಅವರೇ ನೋಡಿ ತಿದ್ದುತ್ತಾರೆ. ಇಪ್ಪತ್ತೈದು ಜನ ಇದ್ದರೆ ಒಬ್ಬಳಿಂದ ಆಗುವುದಿಲ್ಲ. ಅದಕ್ಕೇ ಆರೇಳು ಜನಕ್ಕೆ ಒಬ್ಬರಂತೆ ಹಳೇ ವಿದ್ಯಾರ್ಥಿಗಳನ್ನು ಕರೆಸುತ್ತೇನೆ. ಅಷ್ಟು ಜನ ಸಿಗದಿದ್ದರೆ ಮ್ಯಾಪಥಾನ್ ಚಿಕ್ಕದು ಮಾಡುತ್ತೇನೆ. ಇನ್ನೂರು ಜನರನ್ನು ಸಭಾಂಗಣದಲ್ಲಿ ಕೂರಿಸಿ ಫೋಟೊ ತೆಗೆಸುವ ಕಾರ್ಯಕ್ರಮಗಳಿಗೆ ನನ್ನನ್ನು ಕರೆದಾಗ ಇದನ್ನೇ ಹೇಳುತ್ತೇನೆ.

ಬಹುಮಾನದ ವಿಷಯದಲ್ಲೂ ನನ್ನದು ಖಚಿತ ನಿಲುವು. ಯಾರು ಜಾಸ್ತಿ ಮನೆ ಬರೆದರೋ ಅವರಿಗೆ ಬಹುಮಾನ ಅಂದ ಕೂಡಲೇ ಕ್ಯೂ ಕೀ ಮರೆತುಹೋಗುತ್ತದೆ, ಕಾಪಿ ಪೇಸ್ಟ್ ನೆನಪಾಗುತ್ತದೆ. ಕೊಡಲೇಬೇಕು ಅಂತ ಆಯೋಜಕರು ಹಟ ಹಿಡಿದರೆ, ಪರಿಶೀಲನೆಯಲ್ಲಿ ಏನೂ ತಿದ್ದದೆ ಪಾಸಾದ ಚೌಕಕ್ಕೆ ಕೊಡಿ ಅನ್ನುತ್ತೇನೆ.

ಮನೆಗೆ ಬಂದ ಮೇಲೆ ವ್ಯಾಲಿಡೇಟರ್ ಕೆಲಸ. ಇದಕ್ಕೆ ಜೆಒಎಸ್‌ಎಂ ಎಡಿಟರ್ ಬಳಸುತ್ತೇನೆ. ಒಂದರ ಮೇಲೊಂದು ಬಿದ್ದ ಕಟ್ಟಡ, ರಸ್ತೆ ದಾಟಿ ನಿಂತ ಕಟ್ಟಡ, ಇವನ್ನು ಅದೇ ಹುಡುಕಿ ತೋರಿಸುತ್ತದೆ. ಬಿಟ್ಟುಹೋದ ಹುಲ್ಲಿನ ಮನೆಯನ್ನು ಮಾತ್ರ ಯಾವ ಸಾಫ್ಟ್‌ವೇರೂ ತೋರಿಸುವುದಿಲ್ಲ, ಕಣ್ಣಿಟ್ಟೇ ನೋಡಬೇಕು. ತಪ್ಪು ಕಂಡರೆ ಸುಮ್ನೆ ತಿದ್ದಿ ಮುಂದೆ ಹೋಗುವ ವ್ಯಾಲಿಡೇಟರ್‌ಗಳು ಬಹಳ ಜನ ಇದ್ದಾರೆ. ಬೇಗ ಆಗುತ್ತದೆ, ನಿಜ. ಆದರೆ ಬರೆದವರಿಗೆ ಏನೂ ತಿಳಿಯುವುದಿಲ್ಲ. ನಾನು ಎರಡು ಸಾಲಾದರೂ ಬರೆದು ಕಳಿಸುತ್ತೇನೆ, ಕನ್ನಡದಲ್ಲೇ. "ಚೌಕದ ಉತ್ತರ ಭಾಗದ ಮನೆಗಳು ತುಂಬ ಚೆನ್ನಾಗಿ ಬಂದಿವೆ. ದಾರಿ ಪಕ್ಕದಲ್ಲಿ ಮೂರು ಕಡೆ ಎರಡೆರಡು ಮನೆ ಸೇರಿ ಒಂದಾಗಿದೆ, ಬಿಡಿಸಿ ಬರೆಯಿರಿ. ದೊಡ್ಡ ಮರದ ಕೆಳಗೆ ಒಂದು ಹುಲ್ಲಿನ ಮನೆ ಇದೆ, ನೆರಳು ನೋಡಿ." ಯಾವುದು ಚೆನ್ನಾಗಿದೆ, ಏನು ತಿದ್ದಬೇಕು, ಎಲ್ಲಿ. ಇಷ್ಟಿದ್ದರೆ ಆಯಿತು. ಈ ಸಂದೇಶ ಒಂದೆರಡು ದಿನದೊಳಗೆ ಹೋಗಬೇಕು. ತಿಂಗಳು ಕಳೆದರೆ ಅವರು ಪಾಸ್‌ವರ್ಡನ್ನೇ ಮರೆತಿರುತ್ತಾರೆ.

ಗೂಗಲ್ ಮ್ಯಾಪ್ ನೋಡಿ ಊರಿನ ಹೆಸರು, ಶಾಲೆಯ ಹೆಸರು ಬರೆಯುವವರೂ ಇದ್ದಾರೆ. ಅದು ಬೇರೆಯವರ ಹಕ್ಕಿನ ಮಾಹಿತಿ, ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹಾಕುವಂತಿಲ್ಲ, ಸಿಕ್ಕಿದರೆ ತೆಗೆದುಹಾಕುತ್ತಾರೆ. ಹೆಸರು ಹಾಕುವ ಕೆಲಸ ಅಲ್ಲಿನ ಜನರದ್ದು.

ರಸ್ತೆಗಳನ್ನು ಎರಡನೇ ಸಲಕ್ಕೆ ಬಿಡುತ್ತೇನೆ. ಬೇಸಿಗೆಯ ಚಿತ್ರದಲ್ಲಿ ಒಣಗಿದ ಮರಳು ಹೊಳೆ ಥೇಟ್ ಮಣ್ಣುರಸ್ತೆಯ ಹಾಗೇ ಇರುತ್ತದೆ. ರಸ್ತೆಯ ಅಗಲ ಒಂದೇ ಸಮ ಇರುತ್ತದೆ. ಹೊಳೆ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುತ್ತದೆ, ದಡದಲ್ಲಿ ಹಸಿರು ಇರುತ್ತದೆ. ಗೆರೆಯನ್ನು ಎರಡೂ ಕಡೆ ಕೊನೆತನಕ ಹಿಂಬಾಲಿಸಿ, ಊರಿಗೆ ಸೇರುತ್ತದೋ ನದಿಗೆ ಸೇರುತ್ತದೋ ನೋಡಿ ಅನ್ನುತ್ತೇನೆ. ನೆರೆಯ ಹೊತ್ತಿನಲ್ಲಿ ಹೊಳೆಯನ್ನು ರಸ್ತೆ ಅಂತ ತೋರಿಸುವ ನಕ್ಷೆ ಎಷ್ಟು ಅಪಾಯ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈಚೆಗೆ ಯಂತ್ರವೇ ಉಪಗ್ರಹ ಚಿತ್ರದಿಂದ ಮನೆಗಳ ಗೆರೆ ಎಳೆದುಕೊಡುತ್ತದೆ. ಮೈಕ್ರೋಸಾಫ್ಟ್, ಗೂಗಲ್ ಎರಡೂ ಕಂಪನಿಗಳು ಇಂಥ ಮಾಹಿತಿ ಬಿಟ್ಟಿವೆ. ಅನುಭವ ಇದ್ದವರಿಗೆ ಬಹಳ ಸಮಯ ಉಳಿಯುತ್ತದೆ. ಹೊಸಬರಿಗೆ ನಾನು ಮೊದಲ ದಿನ ಕೊಡುವುದಿಲ್ಲ. ಹುತ್ತ ಯಾವುದು ಮನೆ ಯಾವುದು ಅಂತ ಸ್ವಂತ ಕಣ್ಣಿಂದ ನೋಡಿ ಕಲಿಯದವರು ಯಂತ್ರ ಕೊಟ್ಟದ್ದನ್ನು ಯಾವ ಆಧಾರದ ಮೇಲೆ ಸರಿ ತಪ್ಪು ಅನ್ನುತ್ತಾರೆ?

ಮೇಲಿಂದ ನೋಡಿ ಬರೆಯುವುದಕ್ಕೂ ಒಂದು ಮಿತಿ ಇದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದು ನೆನಪಿರಬಹುದು. ಅಲ್ಲಿ ಮನೆಗಳು ಕಾಫಿ ತೋಟದೊಳಗೆ, ಸಿಲ್ವರ್ ಓಕ್ ಮರಗಳ ಕೆಳಗೆ, ಒಂದರಿಂದ ಒಂದು ದೂರ. ಉಪಗ್ರಹ ಚಿತ್ರದಲ್ಲಿ ಬರೀ ಹಸಿರು. ಇಂಥ ಕಡೆ ಊರವರೇ ಫೋನ್ ಹಿಡಿದು ಓಡಾಡಿ ಗುರುತು ಹಾಕಬೇಕು, ಸ್ಟ್ರೀಟ್‌ಕಂಪ್ಲೀಟ್, ಎವೆರಿ ಡೋರ್ ಥರದ ಆ್ಯಪ್‌ಗಳು ಅದಕ್ಕೇ ಇವೆ. ನೇಪಾಳದಲ್ಲಿ ಕಾಠ್ಮಂಡು ಲಿವಿಂಗ್ ಲ್ಯಾಬ್ಸ್‌ನವರು 2015ರ ಏಪ್ರಿಲ್ 25ರ ಭೂಕಂಪಕ್ಕೂ ಮೊದಲೇ ಸ್ಥಳೀಯ ಯುವಕರಿಗೆ ನಕ್ಷೆ ಬರೆಯುವುದನ್ನು ಕಲಿಸಿದ್ದರು. ಭೂಕಂಪ ಆದಾಗ ಹೊರದೇಶಗಳಿಂದ ಸಾವಿರಾರು ಸ್ವಯಂಸೇವಕರು ಬರೆಯತೊಡಗಿದರು. ಅಲ್ಲಿನ ನೆಲ ಬಲ್ಲವರ ತಂಡವೊಂದು ಆಗ ಅಲ್ಲೇ ಸಿದ್ಧವಿತ್ತು.

ಮ್ಯಾಪಥಾನ್ ಮುಗಿಯುವ ಹೊತ್ತಿಗೆ ಬಹಳ ಜನರ ಚೌಕ ಅರ್ಧ ಆಗಿರುತ್ತದೆ. 'ಪೂರ್ತಿಯಾಯಿತು' ಅಂತ ಒತ್ತಿ ಎದ್ದುಹೋಗುವ ಆಸೆ ಸಹಜ. ಒತ್ತಬೇಡಿ ಅನ್ನುತ್ತೇನೆ. ಬರೆದಷ್ಟನ್ನು ಸೇವ್ ಮಾಡಿ, ಪೂರ್ತಿಯಾಗಿಲ್ಲ ಅನ್ನುವುದನ್ನು ಆರಿಸಿ, 'ಪೂರ್ವದ ಅರ್ಧ ಬಾಕಿ ಇದೆ' ಅಂತ ಒಂದು ಸಾಲು ಬರೆದು ಚೌಕ ಬಿಟ್ಟುಕೊಡಿ. ಮುಂದೆ ಅದನ್ನು ತೆಗೆದುಕೊಳ್ಳುವವರು ಎಲ್ಲಿಂದ ಶುರು ಮಾಡಬೇಕು ಅಂತ ಆ ಸಾಲು ನೋಡಿಯೇ ತಿಳಿದುಕೊಳ್ಳುತ್ತಾರೆ.