ಕಡ್ಡಾಯ ಇಆರ್‌ಪಿಯ ಬಳಕೆಯನ್ನು ಅಳೆಯುವುದು: ಸ್ನಾತಕೋತ್ತರ ಪ್ರಬಂಧಕ್ಕೆ ನಾನು ಅನುಸರಿಸಿದ ಕ್ರಮ

ಮಾಹಿತಿ ವ್ಯವಸ್ಥೆ ಮತ್ತು ತಂತ್ರಜ್ಞಾನ ನಿರ್ವಹಣೆ ಓದುವವರು ಪ್ರಬಂಧಕ್ಕೆ ಕೂತಾಗ ಮೊದಲು ಕೈ ಹಾಕುವುದು ಟ್ಯಾಮ್‌ಗೋ ಯುಟಾಟ್‌ಗೋ; ಜನ ಹೊಸ ತಂತ್ರಜ್ಞಾನವನ್ನು ಏಕೆ ಒಪ್ಪಿ ಬಳಸುತ್ತಾರೆ ಎಂದು ವಿವರಿಸುವ ಎರಡು ಮಾದರಿಗಳು ಇವು. ಟ್ಯಾಮ್ ಮಾದರಿಯನ್ನು ಫ್ರೆಡ್ ಡೇವಿಸ್ 1989ರಲ್ಲಿ ಎಂಐಎಸ್ ಕ್ವಾರ್ಟರ್ಲಿಯಲ್ಲಿ ಪ್ರಕಟಿಸಿದರು. ವೆಂಕಟೇಶ್ ಮತ್ತು ಸಂಗಡಿಗರ ಯುಟಾಟ್ ಬಂದದ್ದು 2003ರಲ್ಲಿ. ಪ್ರಶ್ನೆಗಳು ಸಿದ್ಧವಾಗಿ ಸಿಗುತ್ತವೆ, ಗೈಡ್ ಕೂಡ ಬೇಗ ಒಪ್ಪುತ್ತಾರೆ. ತೊಂದರೆ ಶುರುವಾಗುವುದು ಅವನ್ನು ಕಾರ್ಖಾನೆಯ ಇಆರ್‌ಪಿಗೆ (ಖರೀದಿ, ಸ್ಟಾಕ್, ಉತ್ಪಾದನೆ, ಲೆಕ್ಕ ಎಲ್ಲವನ್ನೂ ಒಂದೇ ಕಡೆ ಇಡುವ ಸಾಫ್ಟ್‌ವೇರ್) ಹಾಗೆಯೇ ಹಚ್ಚಿದಾಗ. ಸ್ಟೋರ್ಸ್‌ನಲ್ಲಿ ಕೂತವರನ್ನು 'ಮುಂದಿನ ಮೂರು ತಿಂಗಳು ಈ ವ್ಯವಸ್ಥೆ ಬಳಸುವ ಇರಾದೆ ಇದೆಯೇ' ಎಂದು ಕೇಳಿದರೆ ನಕ್ಕುಬಿಡುತ್ತಾರೆ. ಜಿಆರ್‌ಎನ್ (ಮಾಲು ಬಂದಿದೆ ಎಂಬ ದಾಖಲೆ) ಹಾಕದಿದ್ದರೆ ಸಪ್ಲೈಯರ್ ಬಿಲ್ ಪಾಸಾಗುವುದಿಲ್ಲ, ಬಳಸದೆ ಗತಿಯಿಲ್ಲ. ಹಾಗಾಗಿ ಎಲ್ಲರೂ 'ಸಂಪೂರ್ಣ ಒಪ್ಪುತ್ತೇನೆ'ಗೇ ಟಿಕ್ ಹಾಕುತ್ತಾರೆ. ಏರಿಳಿತವೇ ಇಲ್ಲದ ಆ ಕಾಲಂ ಹಿಡಿದುಕೊಂಡು ಯಾವ ಸಾಫ್ಟ್‌ವೇರ್ ತಾನೇ ಏನು ವಿವರಿಸೀತು?

ಬಳಕೆ ಕಡ್ಡಾಯವಾದಲ್ಲಿ ನೋಡಬೇಕಾದದ್ದು ಬಳಸುತ್ತಾರೋ ಇಲ್ಲವೋ ಎಂಬುದನ್ನಲ್ಲ, ಯಾವಾಗ ಮತ್ತು ಹೇಗೆ ಬಳಸುತ್ತಾರೆ ಎಂಬುದನ್ನು. ಮಾಲು ಬಂದ ದಿನವೇ ಎಂಟ್ರಿಯಾಯಿತೋ, ಶನಿವಾರ ಸಂಜೆ ಒಟ್ಟಿಗೆ ಕುಟ್ಟಿ ಹಾಕಿದರೋ? ನಿಜವಾದ ಸ್ಟಾಕ್ ಇರುವುದು ಇಆರ್‌ಪಿಯಲ್ಲೋ, ಪಕ್ಕದ ಎಕ್ಸೆಲ್ ಶೀಟಿನಲ್ಲೋ? ಆದ್ದರಿಂದ ನನ್ನ ಮಾದರಿಯ ಕೊನೆಯ ಚೌಕಕ್ಕೆ 'ಬಳಕೆಯ ಇರಾದೆ'ಯ ಬದಲು ಲಾಗ್‌ನಿಂದ (ಯಾರು ಯಾವಾಗ ಎಂಟ್ರಿ ಮಾಡಿದರೆಂದು ವ್ಯವಸ್ಥೆಯೇ ಇಡುವ ದಾಖಲೆ) ತೆಗೆದ ಎಂಟ್ರಿ ವಿಳಂಬವನ್ನು, ಅಂದರೆ ಮಾಲು ಬಂದದ್ದಕ್ಕೂ ಎಂಟ್ರಿಯಾದದ್ದಕ್ಕೂ ಇರುವ ಅಂತರವನ್ನು ಇಟ್ಟೆ. ಅದಕ್ಕೆ ಮೊದಲು ಬರುವ ಚೌಕಗಳು ಡಿಲೋನ್ ಮತ್ತು ಮೆಕ್ಲೀನ್ ಅವರ, ಮಾಹಿತಿ ವ್ಯವಸ್ಥೆಯ ಯಶಸ್ಸನ್ನು ಅಳೆಯುವ ಮಾದರಿಯವು (1992, 2003ರಲ್ಲಿ ಪರಿಷ್ಕೃತ): ವ್ಯವಸ್ಥೆಯ ಗುಣಮಟ್ಟ, ಮಾಹಿತಿಯ ಗುಣಮಟ್ಟ, ಸೇವೆಯ ಗುಣಮಟ್ಟ, ಬಳಕೆದಾರರ ತೃಪ್ತಿ. ಇವುಗಳ ಜೊತೆಗೆ ಗುಡ್‌ಹ್ಯೂ ಮತ್ತು ಥಾಂಪ್ಸನ್ 1995ರಲ್ಲಿ ಮುಂದಿಟ್ಟ, ಕೆಲಸಕ್ಕೂ ತಂತ್ರಜ್ಞಾನಕ್ಕೂ ಇರುವ ಹೊಂದಾಣಿಕೆ. ಒಟ್ಟು ಐದು ಕನ್‌ಸ್ಟ್ರಕ್ಟ್ (ನೇರವಾಗಿ ಅಳೆಯಲಾಗದ, ಹಲವು ಹೇಳಿಕೆಗಳಿಂದ ಅಳೆಯುವ ಅಂಶ) ಪ್ರಶ್ನಾವಳಿಯಿಂದ, ಒಂದು ಲಾಗ್‌ನಿಂದ.

ಲಾಗ್ ಎಂದರೆ ದೊಡ್ಡ ಮಾತೇನಲ್ಲ. ದೊಡ್ಡ ಕಂಪನಿಗಳ ಇಆರ್‌ಪಿಯಾದ ಎಸ್‌ಎಪಿ ಇಸಿಸಿಯಲ್ಲಿ ಎಂಕೆಪಿಎಫ್ ಟೇಬಲ್ ಸಾಕು: ಪೋಸ್ಟಿಂಗ್ ದಿನಾಂಕ (ಮಾಲು ಬಂದದ್ದೆಂದು ದಾಖಲಿಸುವ ದಿನ) ಬಿಯುಡಿಎಟಿ, ಕಂಪ್ಯೂಟರಿಗೆ ಎಂಟ್ರಿಯಾದ ದಿನಾಂಕ ಸಿಪಿಯುಡಿಟಿ, ವೇಳೆ ಸಿಪಿಯುಟಿಎಂ, ಬಳಕೆದಾರ ಯುಎಸ್‌ಎನ್‌ಎಎಂ. ಅದರ ಹೊಸ ಪೀಳಿಗೆಯಾದ ಎಸ್/4ಹಾನಾದಲ್ಲಿ ಈ ವಿವರ ಇರುವುದು ಮ್ಯಾಟ್‌ಡಾಕ್‌ನಲ್ಲಿ. ಓಪನ್ ಸೋರ್ಸ್ ಇಆರ್‌ಪಿಯಾದ ಇಆರ್‌ಪಿನೆಕ್ಸ್ಟ್‌ನಲ್ಲಾದರೆ ಪರ್ಚೇಸ್ ರಿಸೀಟ್ ಟೇಬಲ್‌ನ ಪೋಸ್ಟಿಂಗ್ ಡೇಟ್, ಕ್ರಿಯೇಶನ್ (ಎಂಟ್ರಿಯಾದ ವೇಳೆ), ಓನರ್ (ಎಂಟ್ರಿ ಮಾಡಿದವರು), ಡಾಕ್‌ಸ್ಟೇಟಸ್, ಅಮೆಂಡೆಡ್ ಫ್ರಮ್ ಎಂಬ ಐದು ಕಾಲಂ. ಬೆಲೆ, ಸಪ್ಲೈಯರ್ ಹೆಸರು, ಪ್ರಮಾಣ ಯಾವುದನ್ನೂ ಕೇಳಬೇಡಿ. ಕೇಳಿದರೆ ಪರ್ಚೇಸ್ ಮ್ಯಾನೇಜರ್ ಅಲ್ಲೇ ಬಾಗಿಲು ಹಾಕುತ್ತಾರೆ, ಅದು ನಿಮಗೆ ಬೇಕಾಗಿಯೂ ಇಲ್ಲ.

ಒಂದು ಸಾಲನ್ನು ಹತ್ತಿರದಿಂದ ನೋಡಿ. ಪೋಸ್ಟಿಂಗ್ ದಿನಾಂಕ 3ನೇ ತಾರೀಖು, ಎಂಟ್ರಿ 7ನೇ ತಾರೀಖು ಸಂಜೆ 6:40. ಅದರ ಮೇಲೂ ಕೆಳಗೂ ಎರಡೆರಡು ನಿಮಿಷದ ಅಂತರದಲ್ಲಿ ಅದೇ ಲಾಗಿನ್‌ನಿಂದ ಹತ್ತಾರು ಜಿಆರ್‌ಎನ್. ಮಾಲು ರ‍್ಯಾಕ್ ಮೇಲಿದ್ದರೂ ನಾಲ್ಕು ದಿನ ವ್ಯವಸ್ಥೆಯಲ್ಲಿ ಸ್ಟಾಕ್ ಸೊನ್ನೆ. ಈ ನಡುವೆ 5ರ ರಾತ್ರಿ ಎಂಆರ್‌ಪಿ (ಯಾವ ವಸ್ತು ಎಷ್ಟು, ಯಾವಾಗ ಬೇಕು ಎಂದು ಲೆಕ್ಕ ಹಾಕುವ ಪ್ರೋಗ್ರಾಂ) ಓಡಿದ್ದರೆ, ಆರ್ಡರ್ ಕೊಟ್ಟು ಆಗಲೇ ಬಂದಿರುವ ವಸ್ತುವನ್ನು ಅದು ಇನ್ನೂ ಬರಬೇಕಾದದ್ದು ಎಂದು ಲೆಕ್ಕ ಹಾಕಿರುತ್ತದೆ. ಪ್ರೊಡಕ್ಷನ್ ಪ್ಲಾನರ್ ಸಪ್ಲೈಯರ್‌ಗೆ ಫೋನ್ ಮಾಡಿ ಜಗಳವಾಡಿರುತ್ತಾರೆ. ಪ್ಲಾನರ್ ಪ್ರಶ್ನಾವಳಿಯಲ್ಲಿ ಮಾಹಿತಿಯ ಗುಣಮಟ್ಟಕ್ಕೆ 2 ಕೊಟ್ಟರೆ ಅದಕ್ಕೆ ಕಾರಣ ಸಾಫ್ಟ್‌ವೇರ್ ಅಲ್ಲ, ಈ ಸಾಲು.

ಈ ಎರಡು ದಿನಾಂಕಗಳನ್ನು ಕಣ್ಣು ಮುಚ್ಚಿ ಕಳೆಯಬಾರದು. ತಡವಾಗಿ ಎಂಟ್ರಿ ಮಾಡುವವರು ಪೋಸ್ಟಿಂಗ್ ದಿನಾಂಕವನ್ನು ಮುಟ್ಟದೆ ಹಾಗೇ ಬಿಟ್ಟರೆ ಇಂದಿನ ದಿನಾಂಕವೇ ಕೂರುತ್ತದೆ. ವಿಳಂಬ ಸೊನ್ನೆ ಎಂದು ಬರುತ್ತದೆ. ಅತಿ ಸೋಮಾರಿಯೇ ಅತಿ ಚುರುಕಿನವನಾಗಿ ಕಾಣುವುದು ಹೀಗೆ. ಇದಕ್ಕೆ ಮದ್ದು ಗೇಟಿನಲ್ಲಿದೆ. ಸೆಕ್ಯುರಿಟಿಯವರ ಇನ್‌ವರ್ಡ್ ರಿಜಿಸ್ಟರ್‌ನಲ್ಲಿ ವಾಹನ ಒಳಬಂದ ವೇಳೆ, ಡಿಸಿ (ಮಾಲಿನ ಜೊತೆ ಬರುವ ಡೆಲಿವರಿ ಚಲನ್) ನಂಬರ್ ಬರೆದಿರುತ್ತದೆ. ಗೇಟ್ ಎಂಟ್ರಿ ನಂಬರ್ ಅನ್ನು ಜಿಆರ್‌ಎನ್‌ನಲ್ಲೇ ಹಾಕುವ ಪದ್ಧತಿ ಇದ್ದರೆ ಅದೃಷ್ಟ, ನೇರವಾಗಿ ಜೋಡಿಸಬಹುದು. ಇಲ್ಲದಿದ್ದರೆ ಪ್ರತಿ ಹತ್ತನೇ ಜಿಆರ್‌ಎನ್ ಆರಿಸಿ ಡಿಸಿ ನಂಬರ್ ಹಿಡಿದು ರಿಜಿಸ್ಟರ್ ಪುಟ ತಿರುವಿ ನೋಡುವುದು. ಬೇಸರದ ಕೆಲಸ, ಆದರೆ ಪೋಸ್ಟಿಂಗ್ ದಿನಾಂಕವನ್ನು ಎಷ್ಟು ನಂಬಬಹುದು ಎಂದು ಹೇಳಲು ಬೇರೆ ದಾರಿಯಿಲ್ಲ. ಸಪ್ಲೈಯರ್ ಇನ್‌ವಾಯ್ಸ್ ದಿನಾಂಕದಿಂದ ಎಣಿಸುವುದು ಸುಲಭವೆನಿಸೀತು. ಅದರಲ್ಲಿ ಲಾರಿ ದಾರಿಯಲ್ಲಿ ಕಳೆದ ದಿನಗಳೂ ಸೇರಿಬಿಡುತ್ತವೆ.

ಶುಚಿ ಮಾಡುವಾಗ ಹೊರಹಾಕಬೇಕಾದವು: ರದ್ದಾದ ದಾಖಲೆಗಳು (ಇಆರ್‌ಪಿನೆಕ್ಸ್ಟ್‌ನಲ್ಲಿ ಡಾಕ್‌ಸ್ಟೇಟಸ್ 2), ಡ್ರಾಫ್ಟ್‌ಗಳು (0), ತಿದ್ದಿ ಮತ್ತೆ ಹಾಕಿದವು. ಅಮೆಂಡೆಡ್ ಫ್ರಮ್ ಕಾಲಂ ಖಾಲಿ ಇಲ್ಲದಿದ್ದರೆ ಅದು ಹಳೆಯ ಜಿಆರ್‌ಎನ್‌ನ ಹೊಸ ಪ್ರತಿ. ಪೋಸ್ಟಿಂಗ್ ದಿನಾಂಕ ಹಳೆಯದು, ಕ್ರಿಯೇಶನ್ ಹೊಸದು, ಸುಮ್ಮಸುಮ್ಮನೆ ಇಪ್ಪತ್ತು ದಿನದ ವಿಳಂಬ ತೋರಿಸುತ್ತದೆ. ವ್ಯವಸ್ಥೆ ಶುರುವಾದ ಮೊದಲ ತಿಂಗಳುಗಳ ಇಂಪೋರ್ಟ್ ಸಾಲುಗಳನ್ನೂ ತೆಗೆಯಬೇಕು. ನೂರಾರು ಸಾಲು ಒಂದೇ ನಿಮಿಷದಲ್ಲಿ ಹುಟ್ಟಿದ್ದರೆ ಅದು ಮನುಷ್ಯರ ಕೆಲಸವಲ್ಲ. ಕೆಲವು ಕಡೆ ಕ್ವಾಲಿಟಿಯವರು ಪಾಸ್ ಮಾಡಿದ ಮೇಲೆಯೇ ಜಿಆರ್‌ಎನ್ ಹಾಕುವ ನಿಯಮವಿರುತ್ತದೆ. ಅಲ್ಲಿನ ವಿಳಂಬವನ್ನು ಸ್ಟೋರ್ಸ್ ತಲೆಗೆ ಕಟ್ಟಬಾರದು. ಭಾನುವಾರ, ವಾರದ ರಜೆ ಕಳೆದು ಗಂಟೆಯಲ್ಲಿ ಲೆಕ್ಕ ಹಾಕಿ, ದಿನದಲ್ಲಲ್ಲ. ಮೂರನೇ ಶಿಫ್ಟ್‌ನಲ್ಲಿ ರಾತ್ರಿ 11ಕ್ಕೆ ಬಂದ ಮಾಲು ಬೆಳಿಗ್ಗೆ 7ಕ್ಕೆ ಎಂಟ್ರಿಯಾದರೆ ಅದು 'ಒಂದು ದಿನ' ಅಲ್ಲ, ಎಂಟು ಗಂಟೆ. ಪ್ರತಿಯೊಬ್ಬರಿಗೂ ಸರಾಸರಿಯ ಬದಲು ಮೀಡಿಯನ್ (ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಸಂಖ್ಯೆ) ತೆಗೆದುಕೊಳ್ಳುವುದು ಮೇಲು: ಎರಡು ತಿಂಗಳು ಎಲ್ಲೋ ಸಿಕ್ಕಿಹಾಕಿಕೊಂಡ ಒಂದೇ ಜಿಆರ್‌ಎನ್ ಸರಾಸರಿಯನ್ನು ಹಾಳುಮಾಡುತ್ತದೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ಹಂಚಿಕೊಂಡ ಲಾಗಿನ್. ಪರವಾನಗಿ ಉಳಿಸಲು 'ಸ್ಟೋರ್ಸ್1' ಎಂಬ ಒಂದು ಐಡಿಯನ್ನು ಮೂರು ಜನ, ಎರಡು ಶಿಫ್ಟ್‌ನಲ್ಲಿ ಬಳಸುತ್ತಿರುತ್ತಾರೆ. ಆಗ ಲಾಗ್‌ನ ಆ ಸಾಲು ಯಾರದು ಎಂದು ಪ್ರಶ್ನಾವಳಿಗೆ ಜೋಡಿಸಲು ಆಗುವುದೇ ಇಲ್ಲ. ಸಿನಾಪ್ಸಿಸ್ ಸಲ್ಲಿಸುವ ಮೊದಲೇ ಐಟಿಯವರಿಂದ ಲಾಗಿನ್ ಪಟ್ಟಿಯನ್ನೂ ಎಚ್‌ಆರ್‌ನಿಂದ ಆ ವಿಭಾಗದ ತಲೆ ಲೆಕ್ಕವನ್ನೂ ಪಡೆದು ತಾಳೆ ನೋಡಿ. ಲಾಗಿನ್‌ಗಿಂತ ತಲೆಗಳು ಬಹಳ ಹೆಚ್ಚಿದ್ದರೆ ವ್ಯಕ್ತಿಮಟ್ಟದ ಅಧ್ಯಯನ ಬಿಟ್ಟು ಶಿಫ್ಟ್ ಅಥವಾ ವಿಭಾಗದ ಮಟ್ಟಕ್ಕೆ ಹೋಗಬೇಕು, ಇಲ್ಲವೇ ಕಾರ್ಖಾನೆ ಬದಲಿಸಬೇಕು. ಡೇಟಾ ಬಂದ ಮೇಲೆ ಇದು ಗೊತ್ತಾದರೆ ಸೆಮಿಸ್ಟರ್ ಹೋದಂತೆ.

ಅನುಮತಿ ಪತ್ರದಲ್ಲಿ ಯಾವ ಟೇಬಲ್, ಯಾವ ಕಾಲಂ, ಯಾವ ಅವಧಿ, ಯಾರು ಡೌನ್‌ಲೋಡ್ ಮಾಡಿಕೊಡುತ್ತಾರೆ, ಎಂದು ಅಳಿಸುತ್ತೀರಿ ಇಷ್ಟೂ ಇರಲಿ. ಬಳಕೆದಾರರ ಐಡಿ ವೈಯಕ್ತಿಕ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೆಸರು ಕೇಳಿದರೆ ಈಗ ಕಂಪನಿಗಳ ಕಾನೂನು ವಿಭಾಗ ಎಚ್ಚೆತ್ತುಕೊಳ್ಳುತ್ತದೆ. ನಾನು ಅನುಸರಿಸಿದ ಕ್ರಮ ಇದು: ಐಟಿ ಅಡ್ಮಿನ್ ಪ್ರತಿ ಐಡಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಚೀಟಿಯನ್ನು ಲಕೋಟೆಯಲ್ಲಿಟ್ಟು ನೇರ ಆಯಾ ವ್ಯಕ್ತಿಗೆ ಕೊಡುವುದು. ಒಪ್ಪಿದವರು ಆ ಸಂಖ್ಯೆಯನ್ನು ಪ್ರಶ್ನಾವಳಿಯ ಮೇಲೆ ಬರೆಯುತ್ತಾರೆ. ಲಾಗ್ ಕೂಡ ಸಂಕೇತ ಸಂಖ್ಯೆಯಲ್ಲೇ ನನ್ನ ಕೈಗೆ ಬರುತ್ತದೆ. ಹೆಸರು ನನಗೆ ಗೊತ್ತಿಲ್ಲ, ಉತ್ತರ ಅಡ್ಮಿನ್‌ಗೆ ಗೊತ್ತಿಲ್ಲ. ಇದನ್ನು ಒಪ್ಪಿಗೆ ಪತ್ರದಲ್ಲಿ ಎರಡೇ ಸಾಲಿನಲ್ಲಿ ಹೇಳಬೇಕು. ಪುಟಗಟ್ಟಲೆ ಇದ್ದರೆ ಓದದೆ ಸಹಿ ಹಾಕುತ್ತಾರೆ, ಅದು ಒಪ್ಪಿಗೆಯಲ್ಲ.

ಪ್ರಶ್ನಾವಳಿಯಲ್ಲಿ ಪ್ರತಿ ಕನ್‌ಸ್ಟ್ರಕ್ಟ್‌ಗೆ 4 ಹೇಳಿಕೆ, ಒಟ್ಟು 20, ಜೊತೆಗೆ ವಯಸ್ಸು, ವಿಭಾಗ, ಅನುಭವ, 'ಈ ಲಾಗಿನ್ ನಿಮ್ಮೊಬ್ಬರದೇ?' ಎಂಬ ನಾಲ್ಕು ಪ್ರಶ್ನೆ. ಎರಡು ಬದಿಯ ಒಂದೇ ಹಾಳೆ. 7 ಅಂಕದ ಅಳತೆಗಿಂತ 5 ಅಂಕದ್ದು ಶಾಪ್ ಫ್ಲೋರ್‌ಗೆ ಸರಿ. ಫೋನ್ ಒಳಗೆ ಬಿಡದ ಪ್ಲಾಂಟ್‌ಗಳಲ್ಲಿ ಗೂಗಲ್ ಫಾರ್ಮ್ ನಡೆಯುವುದಿಲ್ಲ, ಕಾಗದವೇ ಗತಿ. 'ವ್ಯವಸ್ಥೆ ವೇಗವಾಗಿದೆ ಮತ್ತು ನಂಬಿಕೆಗೆ ಅರ್ಹವಾಗಿದೆ' ಎಂಬುದು ಎರಡು ಪ್ರಶ್ನೆ, ಒಡೆಯಿರಿ. 'ಕಷ್ಟವಲ್ಲ' ಎಂಬಂಥ ಹೇಳಿಕೆಗೆ 'ಒಪ್ಪುವುದಿಲ್ಲ' ಎಂದರೆ ಏನರ್ಥ ಎಂದು ತುಂಬುವವರು ತಲೆ ಕೆರೆದುಕೊಳ್ಳುತ್ತಾರೆ; ನಕಾರದ ವಾಕ್ಯ ಬೇಡವೇ ಬೇಡ. ಹೊಂದಾಣಿಕೆಯನ್ನು ಕೇಳುವಾಗ 'ನನ್ನ ಕೆಲಸಕ್ಕೆ ಇಆರ್‌ಪಿ ಸೂಕ್ತವಾಗಿದೆ' ಎಂಬ ಗಾಳಿಮಾತಿಗಿಂತ 'ಜಿಆರ್‌ಎನ್ ಹಾಕಲು ಬೇಕಾದದ್ದೆಲ್ಲ ಒಂದೇ ಸ್ಕ್ರೀನ್‌ನಲ್ಲಿ ಸಿಗುತ್ತದೆ' ಎಂದರೆ ಉತ್ತರ ಖಚಿತವಾಗಿ ಬರುತ್ತದೆ. ಬೆಳಗಾವಿಯ ಉದ್ಯಮಬಾಗ್‌ನಲ್ಲಾದರೆ ಮರಾಠಿ ಪ್ರತಿಯೂ ಬೇಕಾಗುತ್ತದೆ, ಪೀಣ್ಯದಲ್ಲಿ ಹಿಂದಿಯದು. ಮೊದಲು ಐದಾರು ಜನರೊಂದಿಗೆ ಕೂತು ಒಂದೊಂದೇ ಹೇಳಿಕೆ ಓದಿಸಿ 'ನಿಮಗೆ ಏನು ಅನಿಸಿತು' ಎಂದು ಕೇಳಿ, ಆಮೇಲೆ 30 ಜನರ ಪೈಲಟ್. ಹಾಳೆ ಹಂಚುವುದನ್ನು ಎಚ್‌ಆರ್‌ಗೋ ಸೂಪರ್‌ವೈಸರ್‌ಗೋ ಒಪ್ಪಿಸಬೇಡಿ. ಎಲ್ಲ ಕಾಲಂನಲ್ಲೂ 5 ಬಂದು ಕೂರುತ್ತದೆ. ಬೀಗ ಹಾಕಿದ ಡಬ್ಬಿಯನ್ನು ಕ್ಯಾಂಟೀನ್ ಬಳಿ ಇಟ್ಟರೆ ಸಾಕು. 20 ಹೇಳಿಕೆಗೂ ಒಂದೇ ಅಂಕ ಕೊಟ್ಟ ಹಾಳೆಯ ಸ್ಟ್ಯಾಂಡರ್ಡ್ ಡೀವಿಯೇಶನ್ ಸೊನ್ನೆ, ಅದನ್ನು ತೆಗೆದುಹಾಕಿ, ಎಷ್ಟು ತೆಗೆದಿರಿ ಎಂದು ಪ್ರಬಂಧದಲ್ಲಿ ಬರೆಯಿರಿ.

ಸ್ಯಾಂಪಲ್ ಗಾತ್ರಕ್ಕೆ ಈಗಲೂ 'ಹತ್ತರಷ್ಟು' ನಿಯಮ (ಒಂದು ಚೌಕಕ್ಕೆ ಬರುವ ಬಾಣಗಳ ಗರಿಷ್ಠ ಸಂಖ್ಯೆಯ ಹತ್ತರಷ್ಟು ಜನ) ಹಿಡಿದವರಿದ್ದಾರೆ. ಕಾಕ್ ಮತ್ತು ಹಡಾಯಾ 2018ರಲ್ಲಿ ಕೊಟ್ಟ ಸೂತ್ರ ಅದಕ್ಕಿಂತ ಮೇಲು, ಕ್ಯಾಲ್ಕುಲೇಟರ್‌ನಲ್ಲೇ ಆಗುತ್ತದೆ: 2.486 ಅನ್ನು ನೀವು ನಿರೀಕ್ಷಿಸುವ ಅತಿ ಚಿಕ್ಕ ಪಾತ್ ಕೋಎಫಿಶಿಯೆಂಟ್‌ನಿಂದ (ಒಂದು ಚೌಕ ಇನ್ನೊಂದರ ಮೇಲೆ ಬೀರುವ ಪ್ರಭಾವದ ಅಳತೆ) ಭಾಗಿಸಿ ವರ್ಗ ಮಾಡಿ. 0.20 ಆದರೆ 155 ಜನ, 0.15 ಆದರೆ 275. ಆದರೆ ಒಂದೇ ಕಾರ್ಖಾನೆಯ ಇಪ್ಪತ್ತು ಜನ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಪ್ಪತ್ತು ಉತ್ತರಗಳಲ್ಲ. ಅಂದಾಜಿಗೆ 1 + (ಗುಂಪಿನ ಗಾತ್ರ − 1) × ಐಸಿಸಿ ಎಂದು ಲೆಕ್ಕ ಹಾಕಿ, ಬಂದದ್ದರಿಂದ ಸ್ಯಾಂಪಲ್ ಗಾತ್ರವನ್ನು ಗುಣಿಸಿ; ಐಸಿಸಿ ಎಂದರೆ ಒಂದೇ ಗುಂಪಿನವರ ಉತ್ತರಗಳು ಎಷ್ಟು ಹೋಲುತ್ತವೆ ಎಂಬ ಅಳತೆ. ಗುಂಪಿಗೆ 20 ಜನ, ಐಸಿಸಿ 0.05 ಎಂದರೆ 1.95; 155 ಇದ್ದದ್ದು 300 ದಾಟುತ್ತದೆ. ಗುಂಪಿಗೆ 8 ಜನರಾದರೆ 1.35, ಸುಮಾರು 210 ಸಾಕು, ಆದರೆ 27 ಕಾರ್ಖಾನೆಗಳ ಬಾಗಿಲು ತಟ್ಟಬೇಕು. ಕೆಲಸ ಮಾಡಿಕೊಂಡು ಓದುವವರಿಗೆ ಅದು ಆಗದ ಮಾತು. ಮಧ್ಯಮ ಗಾತ್ರದ ಮೂರು ನಾಲ್ಕು ಪ್ಲಾಂಟ್ ಮಾತ್ರ ಸಿಕ್ಕರೆ ಒಂದನ್ನು ಬಿಟ್ಟು ಉಳಿದ ಪ್ರತಿ ಪ್ಲಾಂಟ್‌ಗೂ ಡಮ್ಮಿ ವೇರಿಯಬಲ್ (ಆ ಪ್ಲಾಂಟಿನವರಾದರೆ 1, ಇಲ್ಲದಿದ್ದರೆ 0) ಇಟ್ಟು, ಪ್ಲಾಂಟಿನೊಳಗಿನ ವ್ಯತ್ಯಾಸವನ್ನಷ್ಟೇ ಹೇಳಿ, ಶೀರ್ಷಿಕೆಯಲ್ಲೂ 'ನಾಲ್ಕು ಕಾರ್ಖಾನೆಗಳ ಅಧ್ಯಯನ' ಎಂದೇ ಬರೆಯಿರಿ. 'ಕರ್ನಾಟಕದ ಕೈಗಾರಿಕೆಗಳಲ್ಲಿ' ಎಂದು ಬರೆದು ವೈವಾದಲ್ಲಿ ಬೆವರುವುದು ಬೇಡ.

ವಿಶ್ಲೇಷಣೆಯ ಭಾಗ ಬೇಗ ಮುಗಿಯುತ್ತದೆ. ಚೌಕಗಳ ನಡುವಿನ ಸಂಬಂಧವನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್ ಸ್ಮಾರ್ಟ್‌ಪಿಎಲ್‌ಎಸ್‌ನ ವಿದ್ಯಾರ್ಥಿ ಆವೃತ್ತಿಗೆ 100 ಸಾಲಿನ ಮಿತಿಯಿದೆ. ಅದಕ್ಕೆ ಮೀರಿದರೆ ಆರ್ ಎಂಬ ಅಂಕಿಅಂಶ ಭಾಷೆಯ ಸೆಮ್‌ಇನ್‌ಆರ್ ಪ್ಯಾಕೇಜ್ ಉಚಿತ. ಲೋಡಿಂಗ್ (ಹೇಳಿಕೆ ತನ್ನ ಕನ್‌ಸ್ಟ್ರಕ್ಟ್‌ಗೆ ಎಷ್ಟು ಅಂಟಿದೆ ಎಂಬ ಅಳತೆ) 0.708ಕ್ಕಿಂತ ಮೇಲೆ, ಎವಿಇ (ಹೇಳಿಕೆಗಳ ಏರಿಳಿತದಲ್ಲಿ ಕನ್‌ಸ್ಟ್ರಕ್ಟ್ ವಿವರಿಸುವ ಸರಾಸರಿ ಪಾಲು) 0.50ಕ್ಕಿಂತ ಮೇಲೆ, ಕಾಂಪೋಸಿಟ್ ರಿಲಯಬಿಲಿಟಿ (ಹೇಳಿಕೆಗಳು ಒಂದಕ್ಕೊಂದು ಎಷ್ಟು ತಾಳೆಯಾಗುತ್ತವೆ ಎಂಬುದು) 0.70ಕ್ಕೂ 0.95ಕ್ಕೂ ನಡುವೆ. 0.95 ದಾಟಿದರೆ ಹಿಗ್ಗಬೇಡಿ, ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದ್ದೀರಿ ಎಂದರ್ಥ. ಸಾಮಾನ್ಯವಾಗಿ ಕೈಕೊಡುವುದು ಎಚ್‌ಟಿಎಂಟಿ, ಅಂದರೆ ಎರಡು ಕನ್‌ಸ್ಟ್ರಕ್ಟ್ ನಿಜಕ್ಕೂ ಬೇರೆ ಬೇರೆಯೇ ಎಂದು ನೋಡುವ ಅನುಪಾತ: ವ್ಯವಸ್ಥೆಯ ಗುಣಮಟ್ಟಕ್ಕೂ ಹೊಂದಾಣಿಕೆಗೂ ನಡುವೆ 0.90 ದಾಟುತ್ತದೆ, ಏಕೆಂದರೆ ಉತ್ತರಿಸುವವರಿಗೆ 'ಸ್ಕ್ರೀನ್ ಚೆನ್ನಾಗಿದೆ' ಮತ್ತು 'ಸ್ಕ್ರೀನ್ ನನ್ನ ಕೆಲಸಕ್ಕೆ ಒಗ್ಗುತ್ತದೆ' ಒಂದೇ. ಪೈಲಟ್‌ನಲ್ಲೇ ಈ ಸಂಖ್ಯೆ ನೋಡಿ ಹೇಳಿಕೆ ತಿದ್ದಬೇಕು, ಎಲ್ಲ ಹಾಳೆ ಬಂದ ಮೇಲೆ ಒಂದೆರಡು ಐಟಂ ಕಿತ್ತುಹಾಕುವುದು ತೇಪೆ. ವಿಳಂಬದ ಗಂಟೆಗಳು ಬಲಕ್ಕೆ ಉದ್ದ ಬಾಲ ಬಿಟ್ಟಿರುತ್ತವೆ. 1 ಕೂಡಿಸಿ ಲಾಗರಿದಮ್ ತೆಗೆದು ಮಾದರಿಗೆ ಕೊಡಿ. ಬೂಟ್‌ಸ್ಟ್ರಾಪ್ (ಇದೇ ಡೇಟಾದಿಂದ ಮತ್ತೆ ಮತ್ತೆ ಸ್ಯಾಂಪಲ್ ತೆಗೆದು ನೋಡುವುದು) 10,000 ಸಲ.

ಪರೀಕ್ಷಕರು ತಪ್ಪದೆ ಕೇಳುವುದು ಕಾಮನ್ ಮೆಥಡ್ ಬಯಾಸ್, ಅಂದರೆ ಎಲ್ಲವನ್ನೂ ಒಂದೇ ಪ್ರಶ್ನಾವಳಿಯಿಂದ ಅಳೆದದ್ದರಿಂದ ಹುಟ್ಟುವ ಹುಸಿ ಸಂಬಂಧ. ಹಾರ್ಮನ್ ಪರೀಕ್ಷೆಯಲ್ಲಿ ಒಂದೇ ಫ್ಯಾಕ್ಟರ್ ವಿವರಿಸುವ ಏರಿಳಿತ 50 ಶೇಕಡಕ್ಕಿಂತ ಕಡಿಮೆ ಬಂತು ಎಂದು ತೋರಿಸುವುದು ವಾಡಿಕೆ. ಅದು ದುರ್ಬಲ ಪರೀಕ್ಷೆ, ಆದರೂ ಕೇಳುತ್ತಾರಾದ್ದರಿಂದ ಮಾಡಿಡಿ. ಫಲಿತಾಂಶದ ಕಾಲಂ ಪ್ರಶ್ನಾವಳಿಯಿಂದಲ್ಲ, ಲಾಗ್‌ನಿಂದ ಬಂದಿದೆ ಎಂಬುದೇ ಇದಕ್ಕೆ ಗಟ್ಟಿ ಉತ್ತರ. ಮುಂದಿನ ಪ್ರಶ್ನೆ: 'ತೃಪ್ತಿಯಿಂದ ವಿಳಂಬ ಕಡಿಮೆಯಾಯಿತೋ, ವಿಳಂಬ ಕಡಿಮೆ ಇದ್ದವರಿಗೆ ತೃಪ್ತಿಯೋ?' ಇದಕ್ಕಾಗಿಯೇ ಲಾಗ್ ಅನ್ನು ಎರಡು ಭಾಗದಲ್ಲಿ ತೆಗೆಯಬೇಕು: ಹಾಳೆ ಹಂಚುವ ಹಿಂದಿನ ಎಂಟು ವಾರ, ನಂತರದ ಎಂಟು ವಾರ. ಹಿಂದಿನದನ್ನು ನಿಯಂತ್ರಣಕ್ಕಿಟ್ಟು ನಂತರದ್ದನ್ನು ಫಲಿತಾಂಶವಾಗಿಸಿ. ಹಾಳೆ ತುಂಬಿದ ವಾರ ಎಲ್ಲರೂ ಚುರುಕಾಗಿಬಿಡುತ್ತಾರೆ, ಆ ಒಂದು ವಾರ ಬಿಟ್ಟುಬಿಡಿ. ಮಾರ್ಚ್ ಕೊನೆಯ ಸ್ಟಾಕ್ ಎಣಿಕೆ ಎರಡು ಭಾಗದಲ್ಲಿ ಯಾವುದರೊಳಗೂ ಬೀಳದಂತೆ ತಾರೀಖು ಆರಿಸಿ.

ಸಾಮ್ಯತೆ ತಪಾಸಣೆಯ (ಪ್ರಬಂಧದಲ್ಲಿ ಬೇರೆಡೆಯ ಬರಹ ಎಷ್ಟಿದೆ ಎಂದು ನೋಡುವುದು) ಬಗ್ಗೆ ಒಂದು ಮಾತು. ಯುಜಿಸಿಯ 2018ರ ನಿಯಮದಂತೆ 10 ಶೇಕಡದವರೆಗೆ ದಂಡವಿಲ್ಲ. 10ರಿಂದ 40ರೊಳಗೆ ಬಂದರೆ ಆರು ತಿಂಗಳು ಮೀರದಂತೆ ತಿದ್ದಿ ಮತ್ತೆ ಸಲ್ಲಿಸಬೇಕು. ಇಂಗ್ಲಿಷ್ ಪ್ರಬಂಧವಾದರೆ ಪ್ರಮಾಣಿತ ಹೇಳಿಕೆಗಳ ಅನುಬಂಧವೇ ಶೇಕಡವನ್ನು ಎತ್ತುತ್ತದೆ, ಅದನ್ನು ಬೇರೆ ಫೈಲ್ ಮಾಡಿ ಕೊಡಲು ಲೈಬ್ರರಿಯವರನ್ನು ಮೊದಲೇ ಕೇಳಿಕೊಳ್ಳಿ.

ಲಾಗ್ ಸಿಗುವುದೇ ಇಲ್ಲ ಎನ್ನುವ ಸಣ್ಣ ಕಾರ್ಖಾನೆಗಳಲ್ಲಿ ಅಕೌಂಟ್ಸ್ ವಿಭಾಗದತ್ತ ತಿರುಗಿ. 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಗಳು ತಮ್ಮ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ ಇಡಲೇಬೇಕು. ಟ್ಯಾಲಿಪ್ರೈಮ್ ಎಡಿಟ್ ಲಾಗ್‌ನಲ್ಲಿ ವೋಚರ್ ಹಾಕಿದ್ದು, ತಿದ್ದಿದ್ದು, ಯಾವಾಗ, ಯಾರು ಎಲ್ಲ ಇರುತ್ತದೆ. ಖರೀದಿ ವೋಚರ್‌ನ ದಿನಾಂಕಕ್ಕೂ ಅದು ಹುಟ್ಟಿದ ದಿನಾಂಕಕ್ಕೂ ಇರುವ ಅಂತರವನ್ನು ಮೇಲೆ ಹೇಳಿದ ಕ್ರಮದಲ್ಲೇ ತೆಗೆಯಬಹುದು. ಪಾಲುದಾರಿಕೆ ಸಂಸ್ಥೆ, ಒಡೆಯರೊಬ್ಬರದೇ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ, ಆದ್ದರಿಂದ ಮಾತುಕತೆಗೆ ಹೋಗುವ ಮೊದಲು ಹೆಸರಿನ ಕೊನೆಗೆ 'ಪ್ರೈವೇಟ್ ಲಿಮಿಟೆಡ್' ಇದೆಯೇ ಎಂದು ಬೋರ್ಡ್ ನೋಡಿಕೊಳ್ಳಿ.