ಗೆರೆ ಹೇಳಿದ ಹಾಗೆ

ನಾನು ಪೀಣ್ಯದಲ್ಲಿ ಮಷಿನ್ ಡ್ರಾಯಿಂಗ್ ಮಾಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಉಕ್ಕಿನ ಪ್ಲೇಟಿನ ಡ್ರಾಯಿಂಗ್ ನನ್ನ ಪಾಲಿಗೆ ಬಂತು. ಮುಂದಿನ ಮುಖದಲ್ಲಿ ಕೌಂಟರ್‌ಸಿಂಕ್ ಮಾಡಿದ, ಅಂದರೆ ಬಾಯಿ ಅಗಲಿಸಿದ ನಾಲ್ಕು ತೂತು, ಹಿಂದಿನ ಮುಖದಲ್ಲಿ ಒಂದು ಸ್ಲಾಟ್, ಅಂದರೆ ಉದ್ದನೆಯ ತೋಡು. ಸರಳ ಪ್ಲೇಟ್ ಅಲ್ವಾ ಅಂತ ಒಂದೇ ವ್ಯೂ, ಮುಂದಿನಿಂದ ಕಾಣುವ ನೋಟ ಮಾತ್ರ ಬರೆದೆ. ಹಿಂದಿನ ಸ್ಲಾಟನ್ನು, ಮರೆಯಲ್ಲಿರುವ ಅಂಚಿಗೆ ಹಾಕುವ ತುಂಡು ಗೆರೆಯಲ್ಲೇ ತೋರಿಸಿದ್ದೆ. ಆದರೆ ಡ್ರಾಯಿಂಗ್ ಬರೆಯುವ ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಎಲ್‌ಟಿಸ್ಕೇಲ್, ಅಂದರೆ ಗೆರೆಯ ತುಂಡುಗಳು ಎಷ್ಟು ದೊಡ್ಡದಿರಬೇಕು ಅನ್ನುವ ಸೆಟ್ಟಿಂಗ್, ಸರಿಯಾಗಿ ಇಟ್ಟಿರಲಿಲ್ಲ. ಪ್ರಿಂಟ್ ಬಂದಾಗ ಆ ತುಂಡು ಗೆರೆ ಪೂರ್ತಿ ಗೆರೆಯಾಗಿತ್ತು. ಮಿಲ್ಲಿಂಗ್ ಮಷಿನ್ನಿನವರು ಸ್ಲಾಟನ್ನು ಮುಂದಿನ ಮುಖದಲ್ಲೇ ಹೊಡೆದರು. ಆರು ಪ್ಲೇಟ್ ಸ್ಕ್ರ್ಯಾಪ್.

“ನಿನ್ನ ಗೆರೆ ಏನು ಹೇಳ್ತೋ ಅದನ್ನೇ ಮಾಡಿದೀನಪ್ಪಾ” ಅಂದರು ಆ ಹಿರಿಯರು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಆಮೇಲೆ ಕೆಲವು ವಾರ ಸಂಜೆ ಮನೆಯಲ್ಲಿ ಕಾಗದ, ಪೆನ್ಸಿಲ್ ಹಿಡಿದು ಕೂತೆ. ಕಣ್ಣಿಗೆ ಕಾಣುವ ಅಂಚಿಗೆ ದಪ್ಪ ಗೆರೆ. ಅಳತೆಗೆ, ಕತ್ತರಿಸಿ ತೋರಿಸಿದ ಭಾಗ ತುಂಬುವ ಓರೆ ಗೆರೆಗಳಿಗೆ (ಹ್ಯಾಚಿಂಗ್) ಸಣ್ಣ ಗೆರೆ. ದಪ್ಪದ್ದು ಸಣ್ಣದರ ಎರಡರಷ್ಟಾದರೂ ಇರಬೇಕು. ಉದ್ದ ತುಂಡು, ಗಿಡ್ಡ ತುಂಡು ಒಂದರ ನಂತರ ಒಂದು ಬಂದರೆ ಅದು ಸೆಂಟರ್ ಲೈನ್. ಅದನ್ನು ಯಾರೂ ಕೊರೆಯುವುದಿಲ್ಲ, ಆದರೆ ತೂತಿನ ಲೆಕ್ಕವೆಲ್ಲ ಅದರಿಂದಲೇ ಶುರು. ಎರಡು ಗೆರೆ ಒಂದರ ಮೇಲೊಂದು ಬಿದ್ದರೆ ಕಾಣುವ ಅಂಚಿಗೆ ಮೊದಲ ಜಾಗ, ನಂತರ ಮರೆಯ ಅಂಚಿಗೆ, ಅದಾದ ಮೇಲೆ ಸೆಂಟರ್ ಲೈನಿಗೆ.

ಗೆರೆಯ ದಪ್ಪ 0.25, 0.35, 0.5, 0.7 ಮಿಲಿಮೀಟರ್ ಅಂತ ಯಾಕಿದೆ ಅನ್ನುವುದೂ ಆಗಲೇ ತಿಳಿಯಿತು. ಎ4 ಹಾಳೆಯನ್ನು ಎ3ಗೆ ದೊಡ್ಡದು ಮಾಡಿದರೆ 0.35ರ ಗೆರೆ ಹೆಚ್ಚುಕಡಿಮೆ 0.5 ಆಗುತ್ತದೆ. ಹಾಳೆ ಬದಲಾದರೂ ಗೆರೆ ಅದೇ ಸಾಲಿನಲ್ಲಿ ಉಳಿಯುತ್ತದೆ. ಎಷ್ಟು ಚೆಂದದ ಲೆಕ್ಕ!

ಈಗಲೂ ಪರದೆ ನೋಡಿ ಡ್ರಾಯಿಂಗ್ ಬಿಡುವುದಿಲ್ಲ. ಪ್ರಿಂಟ್ ತೆಗೆದು, ಒಂದೊಂದು ತುಂಡು ಗೆರೆಯ ಮೇಲೂ ಬೆರಳಿಟ್ಟು ನೋಡುತ್ತೇನೆ. ಎಷ್ಟೇ ಸರಳವಾದ ಪ್ಲೇಟ್ ಆಗಲಿ, ಎರಡನೇ ವ್ಯೂ ಕೊಡುತ್ತೇನೆ.

ಇಷ್ಟು ವರ್ಷ ತುಂಡು ಗೆರೆ ಅಂದರೆ ನನಗೆ ಒಂದೇ ಅರ್ಥ: ಇದೆ, ಆದರೆ ಕಾಣುತ್ತಿಲ್ಲ. ಅದನ್ನು ಅಲ್ಲಾಡಿಸಿದ್ದು ಹತ್ತನೇ ಕ್ಲಾಸಿನ ಮಗಳು. ಕನ್ನಡಿಗೆ ಬಿದ್ದ ಬೆಳಕಿನ ದಾರಿ ತೋರಿಸುವ ಚಿತ್ರ ಬರೆಯುತ್ತಿದ್ದಳು. ಕನ್ನಡಿಯ ಹಿಂದೆ ತುಂಡು ಗೆರೆ ಎಳೆದಳು. “ಅಲ್ಲಿ ಏನೋ ಮರೆಯಲ್ಲಿದೆ ಅಂತ ತಾನೆ?” ಅಂದೆ.

“ಇಲ್ಲ ಅಪ್ಪ, ಅಲ್ಲಿ ಏನೂ ಇಲ್ಲ. ಕಾಣುತ್ತೆ ಅಷ್ಟೆ.”

ನಾನು ನಂಬಲಿಲ್ಲ. ಗೋಡೆಯ ಕನ್ನಡಿ ಇಳಿಸಿ, ಮೇಣದಬತ್ತಿ ಹಚ್ಚಿ, ಕನ್ನಡಿಯ ಹಿಂದೆ ಬಿಳಿ ಕಾಗದ ಹಿಡಿದೆವು. ಮುಂದಿನಿಂದ ನೋಡಿದರೆ ದೀಪ ಅಲ್ಲೇ ಉರಿಯುತ್ತಿದೆ. ಹಿಂದೆ ಕಾಗದದ ಮೇಲೆ ಏನೂ ಇಲ್ಲ. ಆಮೇಲೆ ನನ್ನ ಭೂತಗನ್ನಡಿಯನ್ನು ದೀಪದಿಂದ ಸ್ವಲ್ಪ ದೂರದಲ್ಲಿ ಹಿಡಿದು, ಆಚೆ ಕಾಗದವನ್ನು ಹಿಂದೆ ಮುಂದೆ ಸರಿಸಿದಾಗ ತಲೆಕೆಳಗಾದ ಜ್ವಾಲೆ ಮೂಡಿತು. ಬೆಳಕು ನಿಜವಾಗಿ ಅಲ್ಲಿಗೆ ತಲುಪಿದೆ. ಅದಕ್ಕೇ ಭೂತಗನ್ನಡಿಯ ಇಂಥ ಚಿತ್ರದಲ್ಲಿ ಪೂರ್ತಿ ಗೆರೆ.

ನನ್ನ ಕೆಲಸದಲ್ಲಿ ಇದ್ದೂ ಕಾಣದ್ದಕ್ಕೆ, ಅವಳ ಪುಸ್ತಕದಲ್ಲಿ ಕಂಡೂ ಇಲ್ಲದ್ದಕ್ಕೆ ಅದೇ ತುಂಡು ಗೆರೆ! ಆ ರಾತ್ರಿ ಅವಳ ಪುಸ್ತಕಗಳಲ್ಲಿ ಬರೀ ಗೆರೆ ಹುಡುಕುತ್ತಾ ಕೂತೆವು. ನೀರಿನ ಅಣುವಿನ ಒಳಗೆ ಹೈಡ್ರೋಜನ್, ಆಕ್ಸಿಜನ್ ನಡುವೆ ಪೂರ್ತಿ ಗೆರೆ. ಒಂದು ಅಣುವಿನಿಂದ ಪಕ್ಕದ ಅಣುವಿಗೆ ತುಂಡು ಗೆರೆ. ಇಲ್ಲಿ ಏನೂ ಮರೆಯಲ್ಲಿಲ್ಲ, ಭ್ರಮೆಯೂ ಅಲ್ಲ. ಎಳೆತ ಇದೆ, ಆದರೆ ಒಳಗಿನ ಬಂಧಕ್ಕಿಂತ ತುಂಬಾ ಸಡಿಲ. ನೀರು ಕುದಿದಾಗ ಬಿಟ್ಟುಹೋಗುವುದು ಈ ತುಂಡು ಗೆರೆಗಳು ಮಾತ್ರ.