ಫೈಬರ್ ಬಿಟ್ಟು ಸೆನ್ಸರನ್ನೇ ಚರ್ಮಕ್ಕಿಟ್ಟದ್ದು

ಚರ್ಮದೊಳಕ್ಕೆ ಲೇಸರ್ ಬಿಟ್ಟು, ಹೊರಬರೋ ಬೆಳಕಿನಿಂದ ರಕ್ತದ ಆಮ್ಲಜನಕ ಅಳೆಯುವಾಗ ಆ ಬೆಳಕನ್ನು ಫೈಬರ್‌ನಲ್ಲಿ ಸೆನ್ಸರಿಗೆ ಒಯ್ಯೋದು ರೂಢಿ. ಅದನ್ನು ಬಿಟ್ಟು 6 ಮಿ.ಮೀ. ಚೌಕದ ಎಸ್‌ಐಪಿಎಂ (ಒಂದೊಂದೇ ಫೋಟಾನ್ ಗುರುತಿಸೋ ಸಿಲಿಕಾನ್ ಸೆನ್ಸರ್) ಅನ್ನು ನೇರ ಮುಂಗೈಗೆ ಒತ್ತಿ ಫೋಟಾನ್ ಎಣಿಸುತ್ತೀನಿ ಅಂದಾಗ ಲ್ಯಾಬಿನಲ್ಲಿ ನಗದವರು ಕಡಿಮೆ. ಅವರ ಲೆಕ್ಕವೇನೂ ಸುಳ್ಳಲ್ಲ. ಸೆಕೆಂಡಿಗೆ 8 ಕೋಟಿ ಸಲ ಮಿಡಿಯೋ 80 ಮೆಗಾಹರ್ಟ್ಸ್ ಲೇಸರ್, ನೂರು ಮಿಡಿತಕ್ಕೆ ಒಂದೇ ಫೋಟಾನ್ ಅನ್ನೋ ಮಿತಿ ಅಂದರೆ ಸೆಕೆಂಡಿಗೆ 8 ಲಕ್ಷ ಎಣಿಕೆ. ಈ ಸೆನ್ಸರ್ ಕತ್ತಲಲ್ಲಿ ಸುಮ್ಮನೆ ಕೂತರೂ 18-20 ಲಕ್ಷ ಸುಳ್ಳು ಎಣಿಕೆ ಉಗುಳುತ್ತೆ. ಮಿಲಾನ್‌ನ ಪಾಲಿಟೆಕ್ನಿಕ್‌ನವರು ಮೊದಲು ಚರ್ಮಕ್ಕೆ ತಾಗಿಸಿ ತೋರಿಸಿದ್ದು ಚಿಕ್ಕ ಸೆನ್ಸರ್. 36 ಚದರ ಮಿ.ಮೀ.ನ ಪಾಡೇ ಬೇರೆ.

ಆದರೂ ಬಿಡಲಿಲ್ಲ. 3 ಸೆಂ.ಮೀ. ಆಚೆ ಚರ್ಮದಿಂದ ಹೊರಬರೋ ಬೆಳಕು ದಿಕ್ಕುದೆಸೆ ಇಲ್ಲದೆ ಚೆದುರಿರುತ್ತೆ. ಫೈಬರ್ ಅದರಲ್ಲಿ ಒಂದು ಚೂರು ಹಿಡಿದರೆ ಹೆಚ್ಚು. ಫೈಬರ್ ತುದಿಗೆ ಹಾಕೋ ಪಿಎಂಟಿ (ಫೋಟಾನ್ ಎಣಿಸೋ ನಿರ್ವಾತ ಕೊಳವೆ) ಮಾಡ್ಯೂಲ್‌ಗೆ ಲಕ್ಷಗಟ್ಟಲೆ ಸುರಿಯೋ ಬದಲು ಕಸ್ಟಮ್ಸ್ ಸೇರಿ ಏಳೆಂಟು ಸಾವಿರದ ಸೆನ್ಸರ್ ತರಿಸಿದೆ. ಟಿಸಿಎಸ್‌ಪಿಸಿ ಕಾರ್ಡು (ಪ್ರತಿ ಫೋಟಾನ್ ಬಂದ ಸಮಯ ಗುರುತಿಸಿ ಕರ್ವ್ ಬಿಡಿಸೋದು), ಲೇಸರ್ ಎರಡೂ ಪಕ್ಕದ ಗುಂಪಿನ ಸಾಲ.

ಸುಳ್ಳು ಎಣಿಕೆ ತಗ್ಗಬೇಕಾದರೆ ಸೆನ್ಸರ್ ತಣ್ಣಗಿರಬೇಕು. ತಣ್ಣಗೆ ಮಾಡೋದರಲ್ಲೇ ಜೀವ ಹೋಯ್ತು. ಎಸ್.ಪಿ. ರೋಡಿನ ಮುನ್ನೂರು ರೂಪಾಯಿ ಪೆಲ್ಟಿಯರ್ (ಕರೆಂಟ್ ಹಾಯಿಸಿದರೆ ಒಂದು ಮಗ್ಗುಲು ತಣ್ಣಗಾಗೋ ಬಿಲ್ಲೆ) ಸೊನ್ನೆಗೆ ಬರುವಷ್ಟರಲ್ಲೇ ಮಳೆಗಾಲದ ಬೆಂಗಳೂರಿನ ತೇವವೆಲ್ಲ ಸೆನ್ಸರ್ ಮೇಲೆ ಹನಿಯಾಗಿ ಕೂತಿತು. ಸೆನ್ಸರಿನಲ್ಲಿ ಹರಿಯೋ ಕರೆಂಟ್ ಏರಿತು, ಸೆನ್ಸರ್ ಸತ್ತಿತು. ದಪ್ಪ ಗಾಜು ಮುಚ್ಚಿದರೆ ಚರ್ಮ ದೂರವಾಗಿ ಬೆಳಕು ಅರ್ಧಕ್ಕರ್ಧ ಹೋಯ್ತು. ಕೊನೆಗೆ ತೆಳು ಗಾಜು, ಒಳಗೆ ಸಿಲಿಕಾ ಜೆಲ್, ಸುತ್ತ ಎಪಾಕ್ಸಿ, ಕೆಳಗೆ ಎರಡು ಹಂತದ ಪೆಲ್ಟಿಯರ್. ಗಾಜಿನ ಹೊರಮೈಯನ್ನು ಚರ್ಮದ ಬಿಸಿಯೇ ಒಣಗಿಸಿಡುತ್ತೆ. ಮೈನಸ್ 10ಕ್ಕೆ ಇಳಿದಾಗ ಡಾರ್ಕ್ ಕೌಂಟ್ (ಕತ್ತಲಿನ ಆ ಸುಳ್ಳು ಎಣಿಕೆ) ಸೆಕೆಂಡಿಗೆ ಎರಡು ಲಕ್ಷದ ಆಸುಪಾಸು. ನಕ್ಕವರಲ್ಲಿ ಒಬ್ಬರು ಬಂದು ಲೇಸರ್ ಆಫ್ ಮಾಡಿ ತಾವೇ ಎಣಿಸಿಕೊಂಡು ಹೋದರು.

ಇಷ್ಟು ದೊಡ್ಡ ಸೆನ್ಸರಿನ ಕೆಪಾಸಿಟೆನ್ಸ್ ನ್ಯಾನೋಫ್ಯಾರಡ್ ಲೆಕ್ಕದಲ್ಲಿ. ಪಲ್ಸ್ ಸೋಮಾರಿಯಾಗಿ ಏರುತ್ತೆ, ಐಆರ್‌ಎಫ್ (ಉಪಕರಣವೇ ಸೇರಿಸೋ ಸಮಯದ ಮಸುಕು) ಅಗಲವಾಗುತ್ತೆ. ಅದಕ್ಕೇ ಚುರುಕು ಪಲ್ಸ್ ಬೇರೆಯಾಗಿ ಕೊಡೋ ಫಾಸ್ಟ್ ಔಟ್‌ಪುಟ್ ಪಿನ್ ಇರೋದನ್ನೇ ಕೊಳ್ಳಿ. ಅದರ ಮುಂದಿನ ಆಂಪ್ಲಿಫೈಯರಿಗೆ ಹಾಕಿದ ರೆಸಿಸ್ಟರ್ ಎಷ್ಟು ಓಮ್‌ನದು, ಥ್ರೆಶೋಲ್ಡ್ (ಎಣಿಕೆಗೆ ಬೇಕಾದ ಕನಿಷ್ಠ ಪಲ್ಸ್ ಎತ್ತರ) ಎಲ್ಲಿಟ್ಟೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಫ್ಯಾಂಟಮ್‌ಗೆ (ಕೈಯ ಬದಲು ಪರೀಕ್ಷೆಗೆ ಬಳಸೋ ನಕಲಿಗೆ) ಮೊದಲು ನಂದಿನಿ ನೀಲಿ ಪ್ಯಾಕೆಟ್ ಹಾಲು, ಒಂದೆರಡು ಹನಿ ಕಪ್ಪು ಇಂಡಿಯಾ ಇಂಕ್. ಅಗ್ಗ, ಆದರೆ ಮಧ್ಯಾಹ್ನದ ಹೊತ್ತಿಗೆ ಒಡೆದು ಕರ್ವ್ ಅಡ್ಡಾದಿಡ್ಡಿ. ಆಮೇಲೆ ಇಂಟ್ರಾಲಿಪಿಡ್‌ಗೆ (ಹಾಲಿನಂತೆ ಬಿಳಿಯಾದ ಕೊಬ್ಬಿನ ದ್ರಾವಣಕ್ಕೆ) ಬಂದೆ. ನಡುವೆ ಪಪ್ಪಾಯಿ ಮೇಲೂ ಇಟ್ಟು ನೋಡಿದೆ. ಕಾಯಿಗೂ ಹಣ್ಣಿಗೂ ಕರ್ವಿನ ಬಾಲ ಬೇರೆಯೇ. ಯಾರಾದರೂ ಮುಂದುವರಿಸಿ, ನನಗೆ ಪುರುಸೊತ್ತಿಲ್ಲ.

ಕೈಗೆ ಬಿಪಿ ಪಟ್ಟಿ ಕಟ್ಟಿ 250ರವರೆಗೆ ಊದಿದಾಗ 670 ನ್ಯಾನೋಮೀಟರಿನ (ಆಮ್ಲಜನಕ ಕಳೆದ ರಕ್ತ ಹೆಚ್ಚು ಹೀರೋ ಕೆಂಪು ಬೆಳಕಿನ) ಎಣಿಕೆ ಇಳಿಯುತ್ತಾ ಹೋಯ್ತು, ಆಮ್ಲಜನಕವಿರೋ ರಕ್ತ ಹೆಚ್ಚು ಹೀರೋ 830ರದ್ದು ನಿಧಾನಕ್ಕೆ ಮೇಲೆದ್ದಿತು. ಪಟ್ಟಿ ಬಿಟ್ಟ ಕೂಡಲೇ ಎರಡೂ ಎದುರು ದಿಕ್ಕಿಗೆ ತಿರುಗಿ ಮೊದಲಿದ್ದ ಮಟ್ಟವನ್ನೂ ದಾಟಿ ಹೋದವು. ಸೆಕೆಂಡಿಗೊಂದು ಕರ್ವ್ ಸಾಕಾಯ್ತು. ಫೈಬರ್‌ನಲ್ಲಿ ನಾಲ್ಕೈದು ಸೆಕೆಂಡ್ ಕಾಯಬೇಕಿತ್ತು.

ಹಣೆ, ಕೈ, ಮೀನಖಂಡಕ್ಕೆ ಇದು ಸೈ. ಕೂದಲಿರೋ ತಲೆಗೆ ಮಾತ್ರ ಬೇಡ, ಸೆನ್ಸರ್ ಕೆಳಗೆ ಕೂದಲು ಸಿಕ್ಕಿ ಬೆಳಕೆಲ್ಲ ಅಲ್ಲೇ ಖರ್ಚಾಗುತ್ತೆ; ಅಲ್ಲಿಗೆ ಹಳೆಯ ಫೈಬರೇ ವಾಸಿ.